ನೆಚ್ಚಿನ ಆಟಗಾರ ಜಾತಿ ಹಿಡಿದು ನಕ್ಕಾಗ

ನಮಸ್ಕಾರ. ಹುಬ್ಬಳ್ಳಿಯಿಂದ ಮಾತಾಡುತ್ತಿದ್ದೇನೆ. ಇವತ್ತು ಸ್ಕೋರ್ ಬಗ್ಗೆ ಮಾತಿಲ್ಲ, ಟೀಮ್ ಸೆಲೆಕ್ಷನ್ ಬಗ್ಗೆಯೂ ಇಲ್ಲ. ಹೆಸರಾಂತ ಆಟಗಾರನೊಬ್ಬ ಮೊಬೈಲ್ ಮುಂದೆ ಕೂತು ಜಾತಿ ಹಿಡಿದು ಬೈದಾಗ, ನೋಡುವವರಾದ ನಾವು ಏನು ಮಾಡುತ್ತೇವೆ? ಅದರ ಬಗ್ಗೆ ಮಾತಾಡೋಣ.

2020ರ ಏಪ್ರಿಲ್. ಲಾಕ್‌ಡೌನ್ ಕಾಲ. ಮ್ಯಾಚ್ ಇಲ್ಲ, ಪ್ರಾಕ್ಟೀಸ್ ಇಲ್ಲ. ಕ್ರಿಕೆಟಿಗರು ಮನೆಯಲ್ಲಿ ಕೂತು ಇನ್‌ಸ್ಟಾಗ್ರಾಮ್ ಲೈವ್ ಬರುತ್ತಿದ್ದರು. ನಮಗೂ ಬೇರೆ ಕೆಲಸ ಇರಲಿಲ್ಲ, ನೋಡುತ್ತಿದ್ದೆವು. ಅಂಥ ಒಂದು ಲೈವ್‌ನಲ್ಲಿ ಯುವರಾಜ್ ಸಿಂಗ್ ಮತ್ತು ರೋಹಿತ್ ಶರ್ಮಾ ಹರಟುತ್ತಿದ್ದರು. ಯಜುವೇಂದ್ರ ಚಾಹಲ್ ಹಾಕುತ್ತಿದ್ದ ಟಿಕ್‌ಟಾಕ್ ವಿಡಿಯೋಗಳ ಮಾತು ಬಂತು. ಚಾಹಲ್‌ರನ್ನು ಕಿಚಾಯಿಸುವ ಭರದಲ್ಲಿ ಯುವರಾಜ್ ಒಂದು ದಲಿತ ಸಮುದಾಯದ ಹೆಸರನ್ನು ಬೈಗುಳದ ಹಾಗೆ ಆಡಿದರು. ತಲೆತಲಾಂತರದಿಂದ ಮಲ ಹೊರುವ, ಚರಂಡಿ ತೊಳೆಯುವ ಕೆಲಸಕ್ಕೆ ದೂಡಲಾದ ಜನರ ಹೆಸರು ಅದು. ನಾನಿಲ್ಲಿ ಅದನ್ನು ಹೇಳುವುದಿಲ್ಲ. ಹೇಳದೆಯೂ ವಿಷಯ ಅರ್ಥವಾಗುತ್ತದೆ.

ದೊಡ್ಡ ಗದ್ದಲ ಎದ್ದದ್ದು ಜೂನ್ ಮೊದಲ ವಾರದಲ್ಲಿ. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಯುವರಾಜ್ ಕ್ಷಮೆ ಕೇಳಲಿ ಎಂದು ಟ್ವಿಟರ್‌ನಲ್ಲಿ ಹ್ಯಾಶ್‌ಟ್ಯಾಗ್ ಓಡಿತು. ಜೂನ್ 5ರಂದು ಅವರು ವಿಷಾದದ ಹೇಳಿಕೆ ಹಾಕಿದರು. ಆಮೇಲೆ 2021ರ ಫೆಬ್ರವರಿಯಲ್ಲಿ ಹರಿಯಾಣದ ಹಾಂಸಿಯಲ್ಲಿ ಕೇಸ್ ದಾಖಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪೊಲೀಸರು ಬಂಧಿಸಿ, ಜಾಮೀನಿನ ಮೇಲೆ ಬಿಟ್ಟರು. ಕೋರ್ಟಿನ ಕಥೆ ಇಲ್ಲಿಗೆ ಸಾಕು. ನನಗೆ ಮುಖ್ಯ ಅನಿಸುವುದು ನಡುವೆ ನಮ್ಮ ಜನ ಆಡಿದ ಮಾತುಗಳು. ಯಾಕಂದರೆ ಅವೇ ಮಾತುಗಳನ್ನು ಪ್ರತಿ ಸಲವೂ ಕೇಳುತ್ತಾ ಬಂದಿದ್ದೇನೆ. ಆಟಗಾರ ಬದಲಾಗುತ್ತಾನೆ, ಮಾತು ಅದೇ.

ಮೊದಲನೆಯದು, "ಬಿಡ್ರೀ, ಮಷ್ಕಿರಿ ಮಾಡ್ಯಾರ. ಗೆಳ್ಯಾರ ನಡುವಿನ ಮಾತು."

ಗೆಳೆಯರ ನಡುವಿನ ಮಾತು ನಿಜ. ಆದರೆ ಸಾವಿರಾರು ಜನ ನೋಡುತ್ತಿರುವ ಲೈವ್ ಗೆಳೆಯರ ಕೋಣೆ ಅಲ್ಲ. ಇರಲಿ, ಅದನ್ನೂ ಬಿಡೋಣ. ಕೋಣೆಯ ಒಳಗೇ ಆಡಿದರು ಅಂತಲೇ ಇಟ್ಟುಕೊಳ್ಳೋಣ. ಆ ಮಾತಿಗೆ ನಗು ಬರುವುದಾದರೂ ಯಾಕೆ? ಆ ಸಮುದಾಯ ಕೀಳು ಅಂತ ಹೇಳುವವನೂ ಕೇಳುವವನೂ ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ ನಗು ಬರುತ್ತದೆ. ಒಪ್ಪಿಕೊಂಡಿಲ್ಲ ಅಂದರೆ ಅದು ಬರೀ ಒಂದು ಸಮುದಾಯದ ಹೆಸರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಸಿಟ್ಟಿನಲ್ಲಿ ಬೈದರೆ ಕೆಟ್ಟದ್ದು, ನಗುತ್ತಾ ಬೈದರೆ ಪರವಾಗಿಲ್ಲ ಅನ್ನುತ್ತೇವಲ್ಲ, ನನಗೆ ಇದು ಉಲ್ಟಾ ಕಾಣುತ್ತದೆ. ಸಿಟ್ಟಿನಲ್ಲಿ ಆಡಿದವನಿಗೆ ತಪ್ಪು ಮಾಡಿದೆ ಅನ್ನುವ ಅರಿವು ಆಮೇಲಾದರೂ ಬರಬಹುದು. ನಗುತ್ತಾ ಆಡಿದವನಿಗೆ ತಪ್ಪು ನಡೆದಿದೆ ಅಂತಲೇ ಗೊತ್ತಾಗುವುದಿಲ್ಲ. ಆವತ್ತಿನ ಲೈವ್‌ನಲ್ಲೂ ಯಾರೂ ತಡೆಯಲಿಲ್ಲ. ನಗು ಹಾಗೇ ಮುಂದುವರಿಯಿತು.

ಎರಡನೆಯ ಮಾತು, "ಚಾಹಲ್‌ಗೇ ಬೇಜಾರಾಗಿಲ್ಲ, ನಿಮಗ್ಯಾಕೆ ನೋವು?"

ನನಗೆ ತುಂಬಾ ಸಂಕಟ ಕೊಟ್ಟ ಮಾತು ಇದು. ಆವತ್ತು ಕಿಚಾಯಿಸಿದ್ದು ಚಾಹಲ್‌ರನ್ನು, ಸರಿ. ಪೆಟ್ಟು ಬಿದ್ದಿದ್ದು ಅವರಿಗಲ್ಲ. ಯಾರ ಹೆಸರನ್ನು ಬೈಗುಳ ಮಾಡಿದರೋ ಅವರಿಗೆ. ಆ ಸಮುದಾಯದ ಹುಡುಗನೊಬ್ಬ ಅದೇ ಲೈವ್ ನೋಡುತ್ತಿದ್ದ ಅಂದುಕೊಳ್ಳಿ. ಗೋಡೆ ಮೇಲೆ ಯುವರಾಜ್ ಫೋಟೋ ಅಂಟಿಸಿಕೊಂಡ ಹುಡುಗ. ತನ್ನ ದೇವರಂಥ ಆಟಗಾರ ತನ್ನ ಮನೆತನದ ಹೆಸರು ಹೇಳಿ ನಗುತ್ತಿದ್ದಾನೆ. ಆ ಹುಡುಗನ ಪರವಾಗಿ ಚಾಹಲ್ ಹೇಗೆ ಕ್ಷಮಿಸಲು ಆಗುತ್ತದೆ? ನೀವು, ನಾನು ಹೇಗೆ ಕ್ಷಮಿಸಲು ಆಗುತ್ತದೆ? ಅವನನ್ನು ಯಾರೂ ಕೇಳಲೇ ಇಲ್ಲ. ಟೀವಿಯವರು ಮಾಜಿ ಆಟಗಾರರನ್ನು ಕೇಳುತ್ತಾರೆ, ವಕೀಲರನ್ನು ಕೇಳುತ್ತಾರೆ, ಅಭಿಮಾನಿಗಳನ್ನು ಕೇಳುತ್ತಾರೆ. ಪೆಟ್ಟು ತಿಂದವರ ಮನೆಗೆ ಮೈಕ್ ಹೋಗುವುದು ಅಪರೂಪ.

ವಿಷಾದದ ಹೇಳಿಕೆಯನ್ನೂ ಹೀಗೇ ನೋಡಬೇಕು. ತಾನು ಜಾತಿ, ಬಣ್ಣ, ಮತ ಅಂತ ಭೇದ ಮಾಡುವವನಲ್ಲ, ಗೆಳೆಯರ ಜೊತೆ ಆಡಿದ್ದನ್ನು ತಪ್ಪಾಗಿ ತಿಳಿದುಕೊಂಡರು, ಗೊತ್ತಿಲ್ಲದೆ ಯಾರಿಗಾದರೂ ನೋವಾಗಿದ್ದರೆ ವಿಷಾದ ಅನ್ನುವ ಅರ್ಥದಲ್ಲಿ ಯುವರಾಜ್ ಬರೆದಿದ್ದರು. ಮನಸ್ಸಿನಿಂದಲೇ ಬರೆದಿರಬಹುದು, ನಾನು ಅನುಮಾನ ಪಡುವುದಿಲ್ಲ. ಆದರೆ ಓದಿದರೆ ಅದರ ತುಂಬ ಅವರೇ ಇದ್ದಾರೆ. ತನ್ನ ಗುಣ, ತನ್ನ ನಂಬಿಕೆ, ತನ್ನ ಉದ್ದೇಶ. ಆ ಸಮುದಾಯದ ಕಡೆಗೆ ಮುಖ ಮಾಡಿ, ನಿಮ್ಮ ಹೆಸರನ್ನು ನಾನು ಹಾಗೆ ಬಳಸಬಾರದಿತ್ತು ಅನ್ನುವ ಒಂದು ಸಾಲು ಇಲ್ಲ. ಅಭಿಮಾನಿಗಳಿಗೆ ಅಷ್ಟೇ ಸಾಕಾಯಿತು. "ಸಾರಿ ಕೇಳ್ಯಾರಲ್ಲ, ಮುಗೀತು" ಅಂದರು. ಮುಗಿಯಿತು ಅಂತ ಹೇಳುವ ಹಕ್ಕು ಅಭಿಮಾನಿಗಳದ್ದಾ?

ಮೂರನೆಯದು ಸಾಧನೆಯ ಪಟ್ಟಿ. 2007ರಲ್ಲಿ ಡರ್ಬನ್‌ನಲ್ಲಿ ಆರು ಸಿಕ್ಸರ್. 2011ರ ವಿಶ್ವಕಪ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ. ಕ್ಯಾನ್ಸರ್ ಗೆದ್ದು ವಾಪಸ್ ಬಂದ ಛಲಗಾರ. ಎಲ್ಲಾ ನಿಜ. ನನಗೂ ಆ ಮನುಷ್ಯನ ಮೇಲೆ ಪ್ರೀತಿ ಇದೆ. ಆ ಆರು ಸಿಕ್ಸರ್ ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಪ್ರೀತಿ ಇರುವ ಕಡೆಯೇ ಗಟ್ಟಿಯಾಗಿ ಕೇಳಬೇಕು. ಬೇರೆ ಟೀಮಿನ ಆಟಗಾರ ತಪ್ಪು ಮಾಡಿದರೆ ಕೇಳುವುದು ಸುಲಭ. ಐಪಿಎಲ್ ಹೊತ್ತಿನಲ್ಲಿ ನೋಡಿದ್ದೀರಲ್ಲ, ಎದುರಾಳಿ ಟೀಮಿನವನ ಹಳೇ ಟ್ವೀಟ್ ಹುಡುಕಿ ಸ್ಕ್ರೀನ್‌ಶಾಟ್ ಹಾಕುವವರು, ತಮ್ಮ ಟೀಮಿನವನ ಟ್ವೀಟ್ ಬಂದರೆ ಸುಮ್ಮನಾಗುತ್ತಾರೆ. ಅಲ್ಲಿ ಸಿಟ್ಟು ಬಂದಿದ್ದು ಬೈಗುಳದ ಮೇಲೆ ಅಲ್ಲ, ಜರ್ಸಿಯ ಮೇಲೆ.

ಈಗ ನಮ್ಮ ಊರಿಗೆ ಬರೋಣ. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಇದೆ, ಗದಗ-ಬೆಟಗೇರಿಯಲ್ಲೂ ಸೆಟ್ಲ್‌ಮೆಂಟ್ ಇದೆ. ಈ ಹೆಸರು ಎಲ್ಲಿಂದ ಬಂತು ಅಂತ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದರು. ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಆ ಮನೆತನಗಳನ್ನು ತಂದು ಕಾವಲಿನಲ್ಲಿ ಇಟ್ಟ ಜಾಗಗಳೇ ಸೆಟ್ಲ್‌ಮೆಂಟ್. ಹಾಜರಿ ಹಾಕಬೇಕು, ಹೊರಗೆ ಹೋಗಲು ಅನುಮತಿ ಬೇಕು. ಆ ಕಾಯ್ದೆ ರದ್ದಾಗಿ, 1952ರಲ್ಲಿ ಆ ಸಮುದಾಯಗಳ ಹೆಸರು ಪಟ್ಟಿಯಿಂದ ಹೋಯಿತು. ಜನರ ಬಾಯಿಂದ ಹೋಗಲಿಲ್ಲ. ಏನಾದರೂ ಕಳುವಾದರೆ ಇವತ್ತಿಗೂ ಕೆಲವರು ಮೊದಲು ಆ ಕಡೆಗೇ ಕೈ ತೋರಿಸುತ್ತಾರೆ.

ಅದೇ ಓಣಿಗಳು ಈ ಭಾಗದ ಹಾಕಿಯನ್ನು ಬೆಳೆಸಿದವು. ಹುಬ್ಬಳ್ಳಿ, ಬೆಟಗೇರಿ ಅಂದರೆ ಹಾಕಿ ಬಲ್ಲವರಿಗೆ ಮೊದಲು ನೆನಪಾಗುವುದು ಆ ಸೆಟ್ಲ್‌ಮೆಂಟ್ ಹುಡುಗರು. ಸ್ಟಿಕ್ ಹಿಡಿದು ಓಡುವಾಗ "ನಮ್ಮೂರ ಹುಡುಗ" ಅಂತ ಚಪ್ಪಾಳೆ ಹೊಡೆಯುತ್ತೇವೆ. ಒಂದು ಫೌಲ್ ಆಗಲಿ, ಒಂದು ಜಗಳ ಆಗಲಿ, ಆಮೇಲೆ ಯಾವ ಮಾತು ಹೊರಗೆ ಬರುತ್ತದೆ ಅಂತ ಗ್ರೌಂಡಿನಲ್ಲಿ ಕೂತವರಿಗೆ ಗೊತ್ತು.

ಹಾಕಿ ಅಂದಾಗ ಭಾರತ ಮಹಿಳಾ ತಂಡದ ವಂದನಾ ಕಟಾರಿಯಾ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 2021ರ ಟೋಕಿಯೊ ಒಲಿಂಪಿಕ್ಸ್. ಅದಕ್ಕೆ ಮುಂಚೆ ಅವರು ನಮ್ಮ ಬೆಂಗಳೂರಿನ ಶಿಬಿರದಲ್ಲೇ ಇದ್ದರು. ಆ ಹೊತ್ತಿನಲ್ಲೇ ಅಪ್ಪ ತೀರಿಕೊಂಡರು. ಕೋವಿಡ್ ಕಾಲ, ಅಂತ್ಯಕ್ರಿಯೆಗೆ ಹೋಗಲೂ ಆಗಲಿಲ್ಲ. ಆ ದುಃಖ ಹೊತ್ತುಕೊಂಡೇ ಟೋಕಿಯೊಗೆ ಹೋದರು. ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಮಹಿಳೆ ಅವರು. ನಾಲ್ಕೇ ದಿನ ಆಯಿತು, ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಸೋತೆವು. ಅವತ್ತು ಹರಿದ್ವಾರದ ಹತ್ತಿರ ರೋಶನಾಬಾದ್‌ನಲ್ಲಿ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದು ಕುಣಿದರು. ಟೀಮಿನಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋಲಾಯಿತು ಎಂದು ಕೂಗಿ, ಜಾತಿ ಎತ್ತಿ ಬೈದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಬಂಧನಗಳೂ ಆದವು.

ಆ ಸುದ್ದಿ ಓದಿ ಎಲ್ಲರಿಗೂ ಸಿಟ್ಟು ಬಂತು. ಬರಲೇಬೇಕು. ಆದರೆ ಒಂದು ವರ್ಷದ ಹಿಂದೆ ಯುವರಾಜ್ ವಿಷಯದಲ್ಲಿ "ಇಷ್ಟಕ್ಕೆಲ್ಲಾ ಯಾಕೆ ಗದ್ದಲ" ಅಂದವರೂ ಇದರಲ್ಲಿ ಇದ್ದರು. ಅವರಿಗೆ ಇವೆರಡೂ ಬೇರೆ ಬೇರೆ ವಿಷಯವಾಗಿ ಕಂಡವು. ಒಂದು ನಗೆ ಮಾತು, ಇನ್ನೊಂದು ದ್ವೇಷ. ನಾನು ಇದನ್ನು ಒಪ್ಪುವುದಿಲ್ಲ. ಎರಡರ ತೂಕ ಒಂದೇ ಅಂತಲೂ ಹೇಳುತ್ತಿಲ್ಲ, ಖಂಡಿತ ಅಲ್ಲ. ಆದರೆ ಆ ಮನೆ ಮುಂದೆ ಕುಣಿದವರಿಗೆ ಆ ಧೈರ್ಯ ಒಂದೇ ದಿನದಲ್ಲಿ ಬರಲಿಲ್ಲ. ಜಾತಿಯ ಹೆಸರಿಟ್ಟು ನಗಬಹುದು, ಯಾರೂ ಏನೂ ಅನ್ನುವುದಿಲ್ಲ ಅಂತ ಅವರು ಚಿಕ್ಕಂದಿನಿಂದ ನೋಡುತ್ತಾ ಬೆಳೆದಿದ್ದರು. ಕೋಟಿಗಟ್ಟಲೆ ಅಭಿಮಾನಿಗಳಿರುವ ಆಟಗಾರ ನಕ್ಕರೆ ಅದು ಅಷ್ಟೂ ಮನೆಗಳಿಗೆ ಕೇಳಿಸುತ್ತದೆ.

"ಹಂಗಂತ ಒಂದು ಮಾತಿಗೆ ಕರಿಯರ್ ಹಾಳು ಮಾಡ್ತೀರೇನು?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಇಂಗ್ಲೆಂಡಿನ ಬೌಲರ್ ಆಲಿ ರಾಬಿನ್ಸನ್ ನೋಡಿ. 2021ರ ಜೂನ್, ಲಾರ್ಡ್ಸ್‌ನಲ್ಲಿ ಅವರ ಮೊದಲ ಟೆಸ್ಟ್. ಆಡಲು ಇಳಿದ ದಿನವೇ, ಹದಿನೆಂಟರಿಂದ ಇಪ್ಪತ್ತರ ವಯಸ್ಸಿನಲ್ಲಿ ಹಾಕಿದ್ದ ಜನಾಂಗ ನಿಂದನೆಯ, ಹೆಣ್ಣುಮಕ್ಕಳನ್ನು ಹೀಯಾಳಿಸುವ ಟ್ವೀಟ್‌ಗಳು ಹೊರಗೆ ಬಂದವು. ಆವತ್ತೇ ಕ್ಷಮೆ ಕೇಳಿದರು. ಆ ಮ್ಯಾಚ್‌ನಲ್ಲಿ ಏಳು ವಿಕೆಟ್ ತೆಗೆದರು. ಮ್ಯಾಚ್ ಮುಗಿದ ಮೇಲೆ ಬೋರ್ಡ್ ಸಸ್ಪೆಂಡ್ ಮಾಡಿತು. ಸಸ್ಪೆಂಡ್ ಮಾಡಿದ್ದು ಅತಿಯಾಯಿತು ಅಂತ ಅಲ್ಲಿನ ಮಂತ್ರಿಯೇ ಹೇಳಿದರು, ಪ್ರಧಾನಿಯೂ ಆ ಮಾತಿಗೆ ಬೆಂಬಲ ಕೊಟ್ಟರು. ವಿಚಾರಣೆ ಆಗಿ ಎಂಟು ಮ್ಯಾಚ್ ನಿಷೇಧ ಬಂತು. ಅದರಲ್ಲಿ ಐದನ್ನು ತಡೆಹಿಡಿದರು, ಜೊತೆಗೆ ದಂಡ. ಆಗಸ್ಟ್‌ನಲ್ಲಿ ನಮ್ಮ ಎದುರೇ ಆಡಿದರು. ಹೆಡಿಂಗ್ಲೆಯಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತು ಪಂದ್ಯಶ್ರೇಷ್ಠ ಆದರು. ಕರಿಯರ್ ಎಲ್ಲಿ ಹಾಳಾಯಿತು?

ನನಗೆ ಈ ದಾರಿ ಸರಿ ಕಾಣುತ್ತದೆ. ತಪ್ಪನ್ನು ತಪ್ಪು ಅಂತ ಬೋರ್ಡೇ ಹೇಳಬೇಕು. ಅಳತೆ ಮೀರದ ಶಿಕ್ಷೆ ಇರಬೇಕು. ಶಿಕ್ಷೆ ಮುಗಿದ ಮೇಲೆ ಆಡಲು ಬಿಡಬೇಕು. ನಮ್ಮಲ್ಲಿ ಹಾಗಲ್ಲ. ಒಂದು ಗುಂಪು ಜೀವನಪೂರ್ತಿ ಬ್ಯಾನ್ ಮಾಡಿ ಅನ್ನುತ್ತದೆ, ಆಟಗಾರನ ಹೆಂಡತಿಯನ್ನು, ತಾಯಿಯನ್ನು ಎಳೆದು ಬೈಯುತ್ತದೆ. ಇನ್ನೊಂದು ಗುಂಪು ಏನೂ ಆಗಿಲ್ಲ ಅನ್ನುತ್ತದೆ. ಹೆಂಡತಿಯನ್ನು ಬೈಯುವವರಿಗೆ ಒಂದು ಮಾತು. ಜಾತಿ ಬೈಗುಳದ ವಿರುದ್ಧ ನಿಂತಿದ್ದೇವೆ ಅಂತ ಹೇಳಿಕೊಂಡು ಹೆಣ್ಣುಮಕ್ಕಳಿಗೆ ಹೊಲಸು ಬೈಯುವುದು ಸುತರಾಂ ಸರಿಯಲ್ಲ. ನಿಮ್ಮ ಸಿಟ್ಟು ನಿಜವಾದದ್ದಾದರೆ ಆ ಭಾಷೆ ಬಿಡಿ.

ಜೊತೆಗಾರರು ಬಾಯಿ ಬಿಟ್ಟರೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತಲೂ ನೋಡಿದ್ದೇವೆ. 2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಪಾಕಿಸ್ತಾನದ ಎದುರು ಸೋತಾಗ ಮೊಹಮ್ಮದ್ ಶಮಿ ಅವರ ಧರ್ಮ ಹಿಡಿದು ಆನ್‌ಲೈನ್‌ನಲ್ಲಿ ಬೈದರಲ್ಲ, ಆಗ ನಾಯಕ ವಿರಾಟ್ ಕೊಹ್ಲಿ ಪತ್ರಕರ್ತರ ಮುಂದೆಯೇ ಅದನ್ನು ಖಂಡಿಸಿದರು. ಧರ್ಮದ ಕಾರಣಕ್ಕೆ ಒಬ್ಬರ ಮೇಲೆ ಬೀಳುವುದಕ್ಕಿಂತ ಹೀನ ಕೆಲಸ ಇಲ್ಲ ಅನ್ನುವ ಅರ್ಥದಲ್ಲಿ ನೇರವಾಗಿ ಮಾತಾಡಿದರು. ಅದಕ್ಕೆ ಕೊಹ್ಲಿಯವರ ಪುಟ್ಟ ಮಗಳ ಮೇಲೂ ಬೆದರಿಕೆ ಬಂತು. ಆದರೂ ಆ ಮಾತು ನಿಂತಿತು. ಶಮಿ ಒಬ್ಬಂಟಿ ಅಲ್ಲ ಅಂತ ಊರಿಗೆಲ್ಲ ಗೊತ್ತಾಯಿತು. 2020ರ ಆ ಲೈವ್‌ನಲ್ಲಿ ಯಾರಾದರೂ ಅಲ್ಲೇ "ಯುವಿ, ಆ ಮಾತು ಬೇಡ" ಅಂದಿದ್ದರೆ? ಎರಡು ಸೆಕೆಂಡಿನ ಕೆಲಸ. ಯುವರಾಜ್ ಅಲ್ಲೇ ತಿದ್ದಿಕೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಸುವವರು, ಕಬಡ್ಡಿ ನಡೆಸುವವರು ಇದನ್ನು ನೋಡುತ್ತಿದ್ದರೆ ನಿಮ್ಮ ಹತ್ತಿರ ಒಂದು ಕೋರಿಕೆ ಇದೆ. ಈಗ ಹಳ್ಳಿಯ ಮ್ಯಾಚ್ ಕೂಡ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತದೆ. ಪಕ್ಕದಲ್ಲಿ ಚಾಟ್ ಓಡುತ್ತಿರುತ್ತದೆ. ಅಲ್ಲಿ ಆಟಗಾರರ ಜಾತಿ, ಓಣಿ, ಧರ್ಮ ಹಿಡಿದು ಏನೇನು ಬರೆಯುತ್ತಾರೆ ಅಂತ ಒಮ್ಮೆ ಕೂತು ಓದಿ. ಮೈದಾನದಲ್ಲಿರುವ ಹುಡುಗ ರಾತ್ರಿ ಮನೆಗೆ ಹೋಗಿ ತನ್ನ ಆಟ ನೋಡಲು ಅದೇ ವಿಡಿಯೋ ತೆರೆಯುತ್ತಾನೆ. ಅವನ ಅವ್ವ, ತಂಗಿಯೂ ನೋಡುತ್ತಾರೆ. ಚಾನೆಲ್ ಸೆಟ್ಟಿಂಗ್‌ನಲ್ಲಿ ಇಂಥ ಪದಗಳು ಕಾಣದ ಹಾಗೆ ಮೊದಲೇ ತಡೆಯಬಹುದು. ಕನ್ನಡದಲ್ಲೂ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲೂ ಹಾಕಿ. ಮಾಡರೇಟರ್ ಅಂತ ಒಬ್ಬರನ್ನು ಚಾಟ್ ನೋಡಲು ಕೂರಿಸಿ. ಕಾಮೆಂಟರಿ ಹೇಳುವವರಿಗೆ ಮೈಕ್ ಕೊಡುವ ಮುಂಚೆಯೇ ಹೇಳಿ: ಆಟಗಾರನ ಹೆಸರು ಹೇಳಿ, ಊರು ಹೇಳಿ, ರನ್ ಹೇಳಿ, ಜಾತಿ ಸುದ್ದಿ ಬೇಡ. ಟೀಮ್ ಕ್ಯಾಪ್ಟನ್‌ಗಳಿಗೆ ಕೊಡುವ ನಿಯಮದ ಹಾಳೆಯಲ್ಲಿ ನೋ ಬಾಲ್, ವೈಡ್ ಪಕ್ಕದಲ್ಲೇ ಇದನ್ನೂ ಬರೆಯಿರಿ. ಜಾತಿ ಎತ್ತಿದ ಆಟಗಾರ ಆ ಮ್ಯಾಚ್‌ನಿಂದ ಹೊರಗೆ, ಎಷ್ಟೇ ದೊಡ್ಡ ಸಿಕ್ಸರ್ ಹೊಡೆಯುವವನಾದರೂ.