ಬೇಸಿಗೆ ಕೆರೆಯಲ್ಲಿ ಉಸಿರಿನ ಜಾಡು ಹಿಡಿದು ಗಾಳ

ಬೆಳಗಿನ ಜಾವ 5:20. ಈ ವಿಡಿಯೋದಲ್ಲಿ ನಿಮಗೆ ಏನೂ ಕಾಣಿಸುತ್ತಿಲ್ಲ, ನನಗೂ ಅಷ್ಟೇ. ಈಗ ಕೇಳಿಸಿದ ಪಚಕ್ ಸದ್ದು ಮೀನಲ್ಲ, ಕೆಸರಲ್ಲಿ ಹೂತುಕೊಂಡ ನನ್ನ ಚಪ್ಪಲಿ.

ಬೇಸಿಗೆಯಲ್ಲಿ ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು ಅನ್ನುತ್ತಾರೆ, ಅಲ್ವಾ? ನಾನೂ ಸುಮಾರು ವರ್ಷ ಹಾಗೇ ನಂಬಿದ್ದೆ. ಅದು ಅರ್ಧ ನಿಜ. ಕೆರೆಯಲ್ಲಿ ಪಾಚಿ, ಗಿಡ ಜಾಸ್ತಿ ಇದ್ದರೆ ಅವೂ ರಾತ್ರಿಯೆಲ್ಲ ಉಸಿರಾಡುತ್ತವೆ. ಬೆಳಕು ಹರಿಯುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ಅಲ್ಲಿ ನೋಡಿ, ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಅದು ಹಸಿವಲ್ಲ, ಏದುಸಿರು. ಅವುಗಳ ಮುಂದೆ ಗಾಳ ಹಾಕಿ ಕೂತರೆ ಕಚ್ಚುವುದು ಸೊಳ್ಳೆ ಮಾತ್ರ.

ಬೇಸಿಗೆಯ ತೊಂದರೆಯೇ ಇದು. 10 ಡಿಗ್ರಿ ಇರುವ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಬಂದರೆ ಅದು 7.5ರ ಆಸುಪಾಸು. ಆದರೆ ಬಿಸಿ ಏರಿದಂತೆ ಮೀನಿಗೆ ಉಸಿರು ಬೇಕಾಗುವುದು ಇನ್ನೂ ಜಾಸ್ತಿ. ಅದಕ್ಕೇ ನಾನು ಈಗ ಮೀನು ಹುಡುಕುವುದು ಬಿಟ್ಟಿದ್ದೇನೆ. ಅದಕ್ಕೆ ಉಸಿರು ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತೇನೆ.

ಈ ಹೊತ್ತಿನಲ್ಲಿ ಉಸಿರಿನ ಚಿಂತೆ ಇಲ್ಲದ ಮೀನು ಕೊರವ. ಅದು ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಎಲೆಗಳ ನಡುವೆ 'ಗುಳುಕ್' ಅಂತ ಸದ್ದು ಬಂತಲ್ಲ, ಅದೇ. ಇದಕ್ಕೆ ರಬ್ಬರ್ ಕಪ್ಪೆ. ಕೊಕ್ಕೆ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ, ಗಿಡಕ್ಕೆ ಸಿಕ್ಕುವುದು ಕಡಿಮೆ. ಎಲೆಯ ಮೇಲೆ ಬೀಳಿಸಿ, ನೀರಿಗೆ ಜಾರಿಸಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಕಪ್ಪೆ ಮಾಯವಾದ ಕೂಡಲೇ ಕೋಲು ಎತ್ತಬೇಡಿ. ಮನಸ್ಸಿನಲ್ಲೇ ಎರಡು ಎಣಿಸಿ, ದಾರ ಬಿಗಿಯಾದ ಮೇಲೆ ಎಳೆಯಿರಿ. ಹೀಗೆ ಹೇಳಿದವನು ಏನು ಮಾಡಿದ ನೋಡಿ. ಒಂದು ಎಣಿಸುವ ಮೊದಲೇ ಎಳೆದೆ, ಕಪ್ಪೆ ನನ್ನ ಮುಖಕ್ಕೇ ಬಂತು. ವಿಡಿಯೋದಿಂದ ಇದನ್ನು ಕತ್ತರಿಸಿ ಹಾಕೋಣ ಅಂದುಕೊಂಡಿದ್ದೆ, ಇರಲಿ ಬಿಡಿ.

ಒಂದು ಮಾತು. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಮಿಣಮಿಣ ಅನ್ನುತ್ತಿದ್ದರೆ ಅದರ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಆಗ ಏನು ಹಾಕಿದರೂ ಸಿಟ್ಟಿಗೆ ಕಚ್ಚುತ್ತವೆ. ನಾನು ಹಾಕುವುದಿಲ್ಲ. ಕಾವಲು ತಪ್ಪಿದರೆ ಮರಿಗಳು ಬೇರೆ ಮೀನುಗಳ ಬಾಯಿಗೆ.

8 ಗಂಟೆ. ಬಿಸಿಲು ಬಿದ್ದು ಪಾಚಿ ಆಮ್ಲಜನಕ ಬಿಡುವ ಕೆಲಸ ಶುರು ಮಾಡಿದೆ, ನೀರಿಗೆ ಜೀವ ಬಂತು. ಈಗ ಗಾಳಿ ಬಂದು ಬಡಿಯುವ ದಡಕ್ಕೆ ಹೋಗುತ್ತಿದ್ದೇನೆ. ಗಾಳಿಗೆ ಎದುರು ದಾರ ಎಸೆಯುವುದು ಕಷ್ಟ, ಟೋಪಿ ಎರಡು ಸಲ ಹಾರಿತು. ಆದರೆ ಅಲೆ ನೀರಿಗೆ ಉಸಿರು ಬೆರೆಸುತ್ತದೆ, ತಿನಿಸೂ ಇಲ್ಲೇ ಬಂದು ಸೇರುತ್ತದೆ.

ಮೀನಿನ ಬಾಯಿ ನೋಡಿದರೆ ಎಲ್ಲಿ ತಿನ್ನುತ್ತದೆ ಅಂತ ತಿಳಿಯುತ್ತದೆ. ಕಾಟ್ಲಾ ಬಾಯಿ ಮೇಲಕ್ಕೆ ತಿರುಗಿದೆ, ಹಾಗಾಗಿ ತೇಲುವ ಬೆಂಡಿನಿಂದ ಸ್ವಲ್ಪವೇ ಕೆಳಗೆ ಹಿಟ್ಟಿನ ಉಂಡೆ. ಗೆಂಡೆ ಕೆಸರು ಕೆದಕುವ ಜಾತಿ. ಸಣ್ಣ ಗುಳ್ಳೆಗಳ ಸಾಲು ನಿಧಾನ ಸರಿಯುತ್ತಿದೆಯಲ್ಲ, ಕೆಳಗೆ ಊಟ ನಡೆದಿದೆ. ಅಲ್ಲಿಗೆ ಬರೀ ಒಂದು ಹಿಡಿ ಮೆಕ್ಕೆಜೋಳ ಎರಚಿ. ಕೊಕ್ಕೆಗೆ ಜೋಳ ಚುಚ್ಚಬೇಡಿ. ಕೊಕ್ಕೆಯ ಹಿಂದೆ ಕೂದಲಿನಷ್ಟು ತೆಳು ದಾರ ಬಿಟ್ಟು ಅದಕ್ಕೆ ಪೋಣಿಸಿ. ಗೆಂಡೆ ಹೀರಿ ನೋಡಿ ಅನುಮಾನ ಬಂದರೆ ಉಗಿಯುತ್ತದೆ. ಉಗಿಯುವಾಗ ಖಾಲಿ ಕೊಕ್ಕೆ ತುಟಿಗೆ ಸಿಗುತ್ತದೆ. ದಡದಲ್ಲಿ ಧಡಧಡ ನಡೆಯಬೇಡಿ. ಗೆಂಡೆಯ ಗಾಳಿಚೀಲದಿಂದ ಕಿವಿಗೆ ಸಣ್ಣ ಮೂಳೆಗಳ ಸರಪಳಿ ಇದೆ, ಕಿವಿ ಬಲು ಚುರುಕು.

ಮಧ್ಯಾಹ್ನ ಜಿಲೇಬಿ ಮೀನು. ಸಣ್ಣ ಬಾಯಿ, ಹಾಗಾಗಿ 10ನೇ ನಂಬರಿನ ಸಣ್ಣ ಕೊಕ್ಕೆ, ಎರೆಹುಳುವಿನ ಸಣ್ಣ ತುಂಡು, ಮರದ ನೆರಳು. ಅಷ್ಟೇ. ನಾನು ಅರ್ಧ ಹೊತ್ತು ಮಲಗಿದ್ದೆ.

ಸಂಜೆ ಕ್ಯಾಟ್‌ಫಿಶ್. ಇಲ್ಲಿ ನನ್ನ ಹಳೇ ತಪ್ಪು ಹೇಳಲೇಬೇಕು. ದೊಡ್ಡ ಮೀನು ಆಳದಲ್ಲಿ ತಂಪಾಗಿ ಇರುತ್ತದೆ ಅಂದುಕೊಂಡು ಎರಡು ಬೇಸಿಗೆ ಕೆರೆಯ ನಡುಮಧ್ಯಕ್ಕೇ ಎಸೆದೆ. ಒಂದೂ ಇಲ್ಲ. ಈಜುವಾಗ ಕಾಲಿಗೆ ತಟ್ಟನೆ ತಣ್ಣಗೆ ತಾಗುತ್ತದಲ್ಲ, ಆ ಪದರ ಮೇಲಿನ ನೀರಿನ ಜೊತೆ ಬೆರೆಯುವುದಿಲ್ಲ. ಬೇಸಿಗೆ ಬೆಳೆದಂತೆ ಪಾಚಿ ಕೊಳೆತು ಅಲ್ಲಿನ ಉಸಿರು ಮುಗಿಯುತ್ತದೆ. ತಂಪು ಇದೆ, ಆದರೆ ಬದುಕಲು ಆಗುವುದಿಲ್ಲ. ಕತ್ತಲಾದ ಮೇಲೆ ಕ್ಯಾಟ್‌ಫಿಶ್ ಮೂಸಿಕೊಂಡು ದಡಕ್ಕೇ ಬರುತ್ತದೆ. ಹತ್ತು ಹೆಜ್ಜೆ ದೂರ, ಸೊಂಟದ ಆಳ, ಎರೆಹುಳುವಿನ ಗೊಂಚಲು, ಸೀಸದ ಗುಂಡು ತಳದಲ್ಲಿ. ಕೋಲಿನ ತುದಿಗೆ ಗೆಜ್ಜೆ.

9:10ಕ್ಕೆ ಗೆಜ್ಜೆ ಅಲುಗಿತು. ಬಿಸಿ ನೀರಿನಲ್ಲಿ ಮೀನು ಬೇಗ ಸುಸ್ತಾಗುತ್ತದೆ, ಹಾಗಾಗಿ ಆಟ ಆಡಿಸದೆ ಎಳೆದೆ. ಕೈ ಒದ್ದೆ ಮಾಡಿಕೊಂಡೆ, ಇಲ್ಲದಿದ್ದರೆ ಮೈಮೇಲಿನ ಲೋಳೆ ಹೋಗುತ್ತದೆ. ರೆಕ್ಕೆಯ ಮುಳ್ಳಿನ ಹಿಂದೆ ಬೆರಳಿಟ್ಟು ಹಿಡಿದು, ಕೊಕ್ಕೆ ತೆಗೆದು, ನೀರಲ್ಲೇ ನೆಟ್ಟಗೆ ಇಟ್ಟುಕೊಂಡೆ. ಕಿವಿರು ಆಡುತ್ತಿದೆ, ನೋಡಿ. ಇನ್ನೊಂದು ನಿಮಿಷ. ತಾನಾಗೇ ಹೋಗಲಿ.

ಹೋಯಿತು. ಲೆನ್ಸ್ ಮೇಲಿನ ಈ ಕೆಸರು ಅದರ ಬಾಲದ ಕೆಲಸ.