ಸುಟ್ಟುಳಿದ ಕಡತಗಳಲ್ಲಿ ನೂರ್

ಮಾನ್ಯರೇ,

ನೂರ್ ಇನಾಯತ್ ಖಾನ್ ಎಂಬ ಹೆಸರು ನಮ್ಮಲ್ಲಿ ಕೇಳಿಬಂದಾಗಲೆಲ್ಲ ‘ಟಿಪ್ಪು ಸುಲ್ತಾನನ ವಂಶದವರು’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. 1943ರ ಜೂನ್‌ನಲ್ಲಿ ಬ್ರಿಟನ್ನಿನ ಗುಪ್ತ ರೇಡಿಯೊ ನಿರ್ವಾಹಕಿಯಾಗಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಹೋಗಿ, ಮರುವರ್ಷ ಜರ್ಮನಿಯ ಡಖಾವ್ ಎಂಬ ನಾಜಿ ಸೆರೆಶಿಬಿರದಲ್ಲಿ ಹತರಾದ ಅವರ ಕಥೆಯನ್ನು ನಾನು ಇಂದು ಹೇಳಹೊರಟಿಲ್ಲ. ಅದು ನಮಗೆ ತಿಳಿದುಬಂದ ಬಗೆ ಯಾವುದು, ಅದರ ಯಾವ ಭಾಗ ಯಾವ ಕಾಗದದ ಮೇಲೆ ನಿಂತಿದೆ ಎಂಬುದಷ್ಟೇ ನನ್ನ ವಿಷಯ.

ಅವರನ್ನು ಕಳುಹಿಸಿದ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯುಟಿವ್ ಎಂಬ ಬ್ರಿಟನ್ನಿನ ಗುಪ್ತ ಕಾರ್ಯಾಚರಣೆಯ ಸಂಸ್ಥೆ 1940ರಲ್ಲಿ ಹುಟ್ಟಿ 1946ರಲ್ಲಿ ವಿಸರ್ಜನೆಗೊಂಡಿತು. ಅದೇ ವರ್ಷ ಲಂಡನ್ನಿನ ಬೇಕರ್ ಸ್ಟ್ರೀಟ್ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಒಂದಷ್ಟು ದಾಖಲೆಗಳು ಹೋದವು. ಮುಂದೆ ‘ಇನ್ನು ಬೇಡ’ ಎಂದು ಆರಿಸಿ ನಾಶಪಡಿಸಿದವುಗಳಲ್ಲಿ ಮತ್ತಷ್ಟು ಹೋದವು. ಅಳಿದುಳಿದವು 1990ರ ದಶಕದಿಂದ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಎಚ್‌ಎಸ್ ಎಂಬ ಶ್ರೇಣಿಯಲ್ಲಿ, ಓದುಗರಿಗೆ ತೆರೆದುಕೊಂಡಿವೆ. 1966ರಲ್ಲಿ ಆ ಸಂಸ್ಥೆಯ ಫ್ರಾನ್ಸ್ ವಿಭಾಗದ ಅಧಿಕೃತ ಇತಿಹಾಸ ಬರೆದ ಎಂ.ಆರ್.ಡಿ. ಫುಟ್ ಅವರು ನೋಡಿದ್ದ ಕಾಗದಗಳನ್ನು ಉಳಿದವರು ಪರಿಶೀಲಿಸಲು ದಶಕಗಳೇ ಕಾಯಬೇಕಾಯಿತು.

ನೂರ್ ಅವರ ವೈಯಕ್ತಿಕ ಕಡತ ಎಚ್‌ಎಸ್ 9ರಲ್ಲಿದೆ. ತರಬೇತಿಯ ಅಧಿಕಾರಿಯೊಬ್ಬರು ಅವರ ಬುದ್ಧಿಶಕ್ತಿಯನ್ನೇ ಹಗುರವಾಗಿ ಕಂಡು ಬರೆದ ವರದಿ ಅದರಲ್ಲಿದೆ. ಓದುವಾಗ ಸಿಟ್ಟು ಬರುವುದು ಸಹಜ, ಆದರೂ ನನಗೆ ಅದು ಬೆಲೆಯುಳ್ಳ ಕಾಗದ: ಮುಂದೆ ಆಗುವುದನ್ನು ಅರಿಯದೆ, ಅಂದಿನ ದಿನವೇ ಬರೆದದ್ದು ಅದು. ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಬಂದ ಮೇಲೆ ಬರೆದ ಪ್ರಶಂಸೆಗಳಿಗೆ ಆ ಗುಣವಿಲ್ಲ.

ಆಕರಗಳು ಎಡವಿಸುವ ಬಗೆಯನ್ನು ತಿಳಿಯಲು ಅವರ ಸಾವಿನ ದಾಖಲೆಯಷ್ಟು ಒಳ್ಳೆಯ ನಿದರ್ಶನ ಬೇರೆ ಸಿಕ್ಕದು. ಯುದ್ಧ ಮುಗಿದ ಮೇಲೆ, ಕಾಣೆಯಾದವರನ್ನು ಹುಡುಕಲು ಜರ್ಮನಿಗೆ ಹೋದ, ಅದೇ ಸಂಸ್ಥೆಯ ಅಧಿಕಾರಿ ವೆರಾ ಆಟ್ಕಿನ್ಸ್ ಅವರಿಗೆ, 1944ರ ಜುಲೈ 6ರಂದು ನಾಟ್ಸ್‌ವೈಲರ್ ಶಿಬಿರದಲ್ಲಿ ನಾಲ್ವರು ಹೆಂಗಸರನ್ನು ಕೊಂದದ್ದು ತಿಳಿಯಿತು. ಮೂವರ ಗುರುತು ಸಿಕ್ಕಿತು. ನಾಲ್ಕನೆಯವರ ಚಹರೆಯನ್ನು ಸಾಕ್ಷಿಗಳಿಂದ ಕೇಳಿ, ಅವರೇ ನೂರ್ ಎಂದು ಆಟ್ಕಿನ್ಸ್ ತೀರ್ಮಾನಿಸಿದರು. ವಾಸ್ತವದಲ್ಲಿ ಆಕೆ ಸೋನಿಯಾ ಓಲ್ಶಾನೆಟ್ಸ್ಕಿ. ಫ್ರಾನ್ಸಿನಲ್ಲೇ ಸೇರಿಸಿಕೊಂಡಿದ್ದ ಆಕೆಯ ಹೆಸರು ಲಂಡನ್ನಿನ ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕುವುದು ಯಾರಿಗೂ ಹೊಳೆಯಲಿಲ್ಲ. ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿದ್ದ ಫ್ರೆಂಚ್ ಕೈದಿಯೊಬ್ಬರ ಹೇಳಿಕೆ ಬಂದ ಬಳಿಕವಷ್ಟೇ ನೂರ್ ಅಲ್ಲಿ ಬಹುಕಾಲ ಬಂಧಿಯಾಗಿದ್ದದ್ದು ಬೆಳಕಿಗೆ ಬಂತು, ಮತ್ತು 1947ರಲ್ಲಿ ದಾಖಲೆ ಡಖಾವ್ ಎಂದು ತಿದ್ದುಪಡಿಯಾಯಿತು.

ನೂರ್ ಏನನ್ನೂ ಬಾಯಿಬಿಡಲಿಲ್ಲ ಎಂಬ ಪ್ರಸಿದ್ಧ ಮಾತಿಗೆ ಒಂದು ಮುಖ್ಯ ಆಧಾರ ಶತ್ರುವಿನದೇ: ಪ್ಯಾರಿಸ್‌ನ ಜರ್ಮನ್ ಭದ್ರತಾ ಅಧಿಕಾರಿ ಹಾನ್ಸ್ ಕೀಫರ್ ಆಟ್ಕಿನ್ಸ್ ಅವರೆದುರು ನೀಡಿದ ಹೇಳಿಕೆ. ಶತ್ರು ಹೊಗಳಿದರೆ ನಂಬಿಕೆ ಹೆಚ್ಚುತ್ತದೆ, ನಿಜ. ಆದರೆ ಆತ ಅದೇ 1947ರಲ್ಲಿ ನೇಣಿಗೇರಿದ ಬಂದಿ ಎಂಬುದನ್ನು ಮರೆಯಬಾರದು. ಇತ್ತ ನೂರ್ ತಾವು ಕಳುಹಿಸಿದ ಸಂದೇಶಗಳನ್ನು ಬರೆದಿಟ್ಟುಕೊಂಡಿದ್ದ ಪುಸ್ತಕ ಜರ್ಮನರಿಗೆ ಸಿಕ್ಕಿ, ಅವರು ನೂರ್ ಅವರದೇ ಹೆಸರಿನಲ್ಲಿ ಲಂಡನ್ನಿಗೆ ಸುಳ್ಳು ಸಂದೇಶ ರವಾನಿಸಿದ್ದೂ ದಾಖಲೆಯಲ್ಲಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ನೂರ್ ಅವರಿಗೆ ಜಾರ್ಜ್ ಕ್ರಾಸ್ ಪದಕ ನೀಡಿದ್ದನ್ನು ಪ್ರಕಟಿಸಿದ 1949ರ ಏಪ್ರಿಲ್ 5ರ ಲಂಡನ್ ಗೆಜೆಟ್ ಎಂಬ ಸರ್ಕಾರಿ ಪತ್ರಿಕೆ, ಫ್ರಾನ್ಸಿಗೆ ಹೋದ ಮೊದಲ ಮಹಿಳಾ ‘ಆಪರೇಟರ್’ ಎಂದು ಅವರನ್ನು ಕರೆದಿದೆ. ಇಲ್ಲಿ ಆಪರೇಟರ್ ಎಂದರೆ ರೇಡಿಯೊ ನಿರ್ವಾಹಕಿ. ಅವಸರದಲ್ಲಿ ಓದಿದವರು ‘ಮೊದಲ ಗೂಢಚಾರಿಣಿ’ ಎಂದು ಬರೆದುಬಿಡುತ್ತಾರೆ. 1942ರಲ್ಲೇ ಬೇರೆ ಮಹಿಳೆಯರು ಅಲ್ಲಿಗೆ ಹೋಗಿದ್ದರು. ಸಾಯುವ ಗಳಿಗೆಯಲ್ಲಿ ಅವರು ‘ಲಿಬರ್ತೆ’ (ಸ್ವಾತಂತ್ರ್ಯ) ಎಂದರೆಂಬ ಮಾತು ಆ ಗೆಜೆಟ್‌ನಲ್ಲಿ ಇಲ್ಲ.

ಇನ್ನು ಟಿಪ್ಪುವಿನ ನಂಟು. ನೂರ್ ಅವರ ತಂದೆ ಇನಾಯತ್ ಖಾನ್ ಅವರ ತಾಯಿಯ ತಂದೆ, ಸಂಗೀತಗಾರ ಮೌಲಾ ಬಕ್ಷ್, ಟಿಪ್ಪುವಿನ ಮೊಮ್ಮಗಳನ್ನು ಮದುವೆಯಾಗಿದ್ದರು ಎಂಬುದು ಆ ಕುಟುಂಬದಲ್ಲಿ ಬಾಯಿಂದ ಬಾಯಿಗೆ ಉಳಿದುಬಂದ ನೆನಪು. ಇದನ್ನು ಪರೀಕ್ಷಿಸಲು ಕ್ಯೂವಿನ ಯುದ್ಧಕಡತಗಳು ನೆರವಾಗುವುದಿಲ್ಲ. ಮೈಸೂರು ಮತ್ತು ಬರೋಡದ ಹಳೆಯ ಕಾಗದಪತ್ರಗಳತ್ತಲೇ ನಾವು ತಿರುಗಬೇಕು.