ಡೌನ್‌ಲೋಡ್ ಎಣಿಸಿದರೆ ಸಾಕೇ? ವಲಸೆ ಸಮೀಕ್ಷೆಯ ದತ್ತಾಂಶಕ್ಕೆ ಬೆಲೆ ಕಟ್ಟುವ ಬಗೆ

[ಪರದೆಯ ಮೇಲೆ: 0ಯಿಂದ 10ರವರೆಗಿನ ಅಳತೆಪಟ್ಟಿ]

ಹೊರದೇಶದವರು ಬಂದು ನೆಲೆಸುವುದರಿಂದ ನಿಮ್ಮ ದೇಶದ ಆರ್ಥಿಕತೆಗೆ ಒಳ್ಳೆಯದೋ, ಕೆಟ್ಟದ್ದೋ? ಸೊನ್ನೆ ಅಂದರೆ ಕೆಟ್ಟದ್ದು, ಹತ್ತು ಅಂದರೆ ಒಳ್ಳೆಯದು. ಮನಸ್ಸಿನಲ್ಲೇ ಒಂದು ಅಂಕಿ ಇಟ್ಟುಕೊಳ್ಳಿ.

ಯುರೋಪಿಯನ್ ಸೋಶಿಯಲ್ ಸರ್ವೇ 2002ರಿಂದ ಎರಡು ವರ್ಷಕ್ಕೊಮ್ಮೆ, ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಈ ಪ್ರಶ್ನೆ ಕೇಳುತ್ತಾ ಬಂದಿದೆ. 2002 ಮತ್ತು 2014ರ ಸುತ್ತುಗಳಲ್ಲಂತೂ ವಲಸೆಯ ಬಗ್ಗೆಯೇ ಒಂದು ಪ್ರತ್ಯೇಕ ಭಾಗವಿತ್ತು. ಉತ್ತರ ಕೊಟ್ಟವರ ಗುರುತು ಅಳಿಸಿ, ದತ್ತಾಂಶವನ್ನು ಉಚಿತವಾಗಿ ತೆರೆದಿಟ್ಟಿದ್ದಾರೆ.

ಇಂಥ ಸಮೀಕ್ಷೆಗೆ ಖರ್ಚು ಸಣ್ಣದಲ್ಲ. ಹಣ ಕೊಟ್ಟವರು ಕೇಳಿಯೇ ಕೇಳುತ್ತಾರೆ: ಇದರಿಂದ ಏನಾಯಿತು?

[ಪರದೆಯ ಮೇಲೆ: ಏರುತ್ತಿರುವ ಡೌನ್‌ಲೋಡ್ ಎಣಿಕೆ]

ಕೈಗೆ ಮೊದಲು ಸಿಗುವ ಉತ್ತರ ಡೌನ್‌ಲೋಡ್ ಲೆಕ್ಕ. ಆದರೆ ಇಳಿಸಿಕೊಂಡವರೆಲ್ಲ ಫೈಲ್ ತೆರೆಯುತ್ತಾರಾ? (ನನ್ನ ಕಂಪ್ಯೂಟರ್‌ನ ಡೌನ್‌ಲೋಡ್ ಫೋಲ್ಡರ್ ನೋಡಿದರೆ ನಿಮಗೇ ಉತ್ತರ ಸಿಗುತ್ತೆ.)

ಸರಿ, ಹಾಗಾದರೆ ಸಂಶೋಧನಾ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖವಾಗಿದೆ ಅಂತ ಎಣಿಸೋಣ. ಅಲ್ಲೂ ತೊಡಕಿದೆ. ಪುಸ್ತಕವನ್ನು, ಲೇಖನವನ್ನು ಆಕರಪಟ್ಟಿಯಲ್ಲಿ ನಮೂದಿಸುವ ಲೇಖಕರು ದತ್ತಾಂಶದ ಹೆಸರನ್ನು ಮಾತ್ರ ಎಲ್ಲೋ ಅಡಿಟಿಪ್ಪಣಿಯಲ್ಲೋ ಕೋಷ್ಟಕದ ಕೆಳಗೋ ಬರೆದು ಸುಮ್ಮನಾಗುತ್ತಾರೆ. ಎಣಿಸುವ ಯಂತ್ರಕ್ಕೆ ಅದು ಕಾಣಿಸುವುದಿಲ್ಲ. ಅದಕ್ಕೇ ದತ್ತಾಂಶಕ್ಕೂ ಡಿಒಐ ಎಂಬ ಶಾಶ್ವತ ಗುರುತು ಕೊಡಬೇಕೆಂದು 2009ರಲ್ಲಿ ಡೇಟಾಸೈಟ್ ಸಂಸ್ಥೆ ಹುಟ್ಟಿತು. ಗುರುತು ಇದೆ, ಬಳಸುವ ಅಭ್ಯಾಸ ಇನ್ನೂ ಎಲ್ಲರಿಗೂ ಬಂದಿಲ್ಲ.

ಉಲ್ಲೇಖಗಳೆಲ್ಲ ಸಿಕ್ಕವು ಅಂತಲೇ ಇಟ್ಟುಕೊಳ್ಳಿ. ಆಗ ನಿಜವಾದ ತಲೆನೋವು ಶುರು.

[ಪರದೆಯ ಮೇಲೆ: ಒಂದೇ ಫೈಲ್, ಅದರಿಂದ ಹೊರಟ 73 ಗೆರೆಗಳು]

2022ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. 161 ಸಂಶೋಧಕರು, 73 ತಂಡ. ಎಲ್ಲರಿಗೂ ಕೊಟ್ಟದ್ದು ಬೇರೊಂದು ಅಂತರರಾಷ್ಟ್ರೀಯ ಸಮೀಕ್ಷೆಯ ಒಂದೇ ದತ್ತಾಂಶ, ಕೇಳಿದ್ದೂ ಒಂದೇ ಪ್ರಶ್ನೆ: ವಲಸೆ ಹೆಚ್ಚಾದರೆ ಸರ್ಕಾರದ ಕಲ್ಯಾಣ ಯೋಜನೆಗಳಿಗೆ ಜನಬೆಂಬಲ ಕುಗ್ಗುತ್ತದೆಯೇ? ಬಂದ ಫಲಿತಾಂಶಗಳಲ್ಲಿ ಸುಮಾರು ಕಾಲು ಭಾಗ ಹೌದು, ಕುಗ್ಗುತ್ತದೆ ಎಂದವು. ಇನ್ನು ಸುಮಾರು ಆರರಲ್ಲೊಂದು ಭಾಗ ಹೆಚ್ಚುತ್ತದೆ ಎಂದವು. ಅರ್ಧಕ್ಕೂ ಮಿಕ್ಕವುಗಳಲ್ಲಿ ಸ್ಪಷ್ಟ ಪರಿಣಾಮವೇ ಕಾಣಲಿಲ್ಲ.

ಈಗ ಲೆಕ್ಕ ಹಾಕಿ. ಒಬ್ಬರನ್ನೊಬ್ಬರು ಅಲ್ಲಗಳೆಯುವ 73 ಲೇಖನ ಬಂದರೆ, ಉಲ್ಲೇಖ ಎಣಿಸುವವರ ಪುಸ್ತಕದಲ್ಲಿ ಅದು 73 ಯಶಸ್ಸು! ನಗು ಬರುತ್ತದೆ ನಿಜ. ಆದರೆ ನನ್ನ ಮಟ್ಟಿಗೆ ಇದು ದತ್ತಾಂಶದ ಸೋಲಲ್ಲ. ಅದನ್ನು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಒಂದೇ ತಂಡದ ಒಂದೇ ಉತ್ತರ ಸತ್ಯವಾಗಿ ಕೂತುಬಿಡುತ್ತಿತ್ತು. ತಪ್ಪು ಹಿಡಿಯಲು ಅವಕಾಶ ಕೊಟ್ಟದ್ದೂ ಒಂದು ಪ್ರಭಾವವೇ, ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ ಅಷ್ಟೆ.

ಇನ್ನೊಂದು ಅಳತೆ ನನಗೆ ಇಷ್ಟ: ಈ ದತ್ತಾಂಶ ಇಲ್ಲದಿದ್ದರೆ ಯಾವ ಪ್ರಶ್ನೆಗೆ ಉತ್ತರವೇ ಸಿಗುತ್ತಿರಲಿಲ್ಲ? 2016ರ ಬ್ರೆಕ್ಸಿಟ್ ಮತದಾನದ ಹೊತ್ತಿಗೆ ಬ್ರಿಟನ್‌ನಲ್ಲಿ ವಲಸೆ ವಿರೋಧದ ಗದ್ದಲ ಜೋರಾಗಿತ್ತು. ಆದರೆ ಯುರೋಪಿಯನ್ ಸೋಶಿಯಲ್ ಸರ್ವೇಯ ನಂತರದ ಸುತ್ತುಗಳಲ್ಲಿ ಅಲ್ಲಿನ ಜನರ ಸರಾಸರಿ ಉತ್ತರ ವಲಸೆಯ ಪರವಾಗಿ ಸರಿಯಿತು. ಸುದ್ದಿಯ ಅಬ್ಬರದಲ್ಲಿ ಇದು ಕಿವಿಗೆ ಬೀಳುವಂಥದ್ದಲ್ಲ. ಮತದಾನಕ್ಕೂ ಎಷ್ಟೋ ವರ್ಷ ಮೊದಲೇ, ಅದೇ ಪದಗಳಲ್ಲಿ ಅದೇ ಪ್ರಶ್ನೆ ಕೇಳಿಟ್ಟಿದ್ದರಿಂದ ಮಾತ್ರ ಹೋಲಿಸಲು ಸಾಧ್ಯವಾಯಿತು.

[ಪರದೆಯ ಮೇಲೆ: ಖಾಲಿ ತರಗತಿ, ಒಂದು ಲ್ಯಾಪ್‌ಟಾಪ್]

ಕೊನೆಗೆ, ಯಾವ ಎಣಿಕೆಗೂ ಸಿಗದವರು. ಈ ಸಮೀಕ್ಷೆಯ ನೋಂದಾಯಿತ ಬಳಕೆದಾರರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಅವರು ಬರೆದದ್ದು ಪತ್ರಿಕೆಗಳಲ್ಲಿ ಅಚ್ಚಾಗುವುದು ಅಪರೂಪ. ಫೈಲ್ ತೆರೆದು, ಸರಾಸರಿ ತೆಗೆದು, ತಾವು ಮನಸ್ಸಿನಲ್ಲಿಟ್ಟುಕೊಂಡಿದ್ದ ಅಂಕಿಯ ಪಕ್ಕ ಅದನ್ನು ಇಟ್ಟು ನೋಡುತ್ತಾರೆ.